ಬುಟ್ಟಿಯಿಂದ ಹಿಟ್ಟು ಉದುರುತ್ತಿದೆ, ಕೈಯಲ್ಲಿ ಕಾಸು ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನಾಲ್ಕು ಮೇದಾರ ಕುಟುಂಬಗಳಿಂದ ಮೊರ, ರೊಟ್ಟಿ ಬುಟ್ಟಿ, ತರಕಾರಿ ಬುಟ್ಟಿ, ಬಟ್ಟೆ ಹಾಕುವ ಮುಚ್ಚಳದ ಬುಟ್ಟಿ ಹೆಣಿಸಿ ಮಾರುತ್ತೇನೆ. ಅರ್ಧ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಉಳಿದರ್ಧ ಬೆಂಗಳೂರಿನ ಒಂದು ಅಂಗಡಿಗೆ. ಜುಲೈನಲ್ಲಿ ಕಳಿಸಿದ 60 ಬುಟ್ಟಿಗಳಲ್ಲಿ 22 ಸೆಪ್ಟೆಂಬರಿನಲ್ಲಿ ವಾಪಸ್ ಬಂದವು. ಕೆಲವದರ ಬುಡದಲ್ಲಿ ಹಳದಿ ಹಿಟ್ಟು ಉದುರುತ್ತಿದೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಹೆಣೆಯುವವರು ‘ಅಮಾವಾಸ್ಯೆ ನೋಡಿ ಕಡಿದರೆ ಹುಳ ಬರಲ್ಲ’ ಅನ್ನುತ್ತಾರೆ. ಅಂಗಡಿಯವರು ‘ವಾರ್ನಿಷ್ ಹೊಡೆಸಿ’ ಅನ್ನುತ್ತಾರೆ. ಗಿರಾಕಿಗಳಿಗೆ ಕೆಮಿಕಲ್ ಬೇಡ. ಇನ್ನೊಂದು ವಿಷಯ: ಮುಚ್ಚಳದ ಬುಟ್ಟಿಗೆ 450 ರೂಪಾಯಿ ಕೊಟ್ಟು ತಂದು 700ಕ್ಕೆ ಮಾರುತ್ತೇನೆ. ಅಂಗಡಿಯವರು 700ರಲ್ಲಿ ಶೇ 40 ಹಿಡಿದುಕೊಳ್ಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಲಾಭ ಇಟ್ಟರೂ ವರ್ಷದ ಕೊನೆಗೆ ಏನೂ ಉಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ಕೇಳಿರುವುದು ಹುಳದ ಪ್ರಶ್ನೆ ಒಂದು, ದುಡ್ಡಿನ ಪ್ರಶ್ನೆ ಒಂದು. ನನ್ನ ಮಟ್ಟಿಗೆ ಎರಡೂ ಒಂದೇ. ನಿಮ್ಮ ಬುಟ್ಟಿಯ ಬೆಲೆಯಲ್ಲಿ ಬಿದಿರು ಒಣಗಲು ಕಾಯುವ ಕಾಲಕ್ಕೆ ಯಾರೂ ದುಡ್ಡು ಕೊಡುತ್ತಿಲ್ಲ. ನೀವೂ ಕೊಡುತ್ತಿಲ್ಲ, ಅಂಗಡಿಯೂ ಕೊಡುತ್ತಿಲ್ಲ. ಹಾಗಾಗಿ ಮೊನ್ನೆ ಕಡಿದ ಹಸಿ ಗಳ ನಿನ್ನೆ ಬುಟ್ಟಿಯಾಗಿ ಇವತ್ತು ಲಾರಿ ಹತ್ತುತ್ತಿದೆ. ಉಳಿದದ್ದನ್ನು ಹುಳ ನೋಡಿಕೊಳ್ಳುತ್ತದೆ.

ಮೊದಲು ಬಂದಿರುವುದು ಏನು ಎಂದು ಖಚಿತ ಮಾಡಿಕೊಳ್ಳಿ. ವಾಪಸ್ ಬಂದ ಬುಟ್ಟಿಯನ್ನು ಚೆನ್ನಾಗಿ ಕೊಡವಿ, ಕಪ್ಪು ಕಾಗದದ ಮೇಲೆ ನಾಲ್ಕು ದಿನ ಅಲುಗಾಡಿಸದೆ ಇಡಿ. ಮತ್ತೆ ಮೈದಾಹಿಟ್ಟಿನಷ್ಟು ನುಣುಪಾದ ಪುಡಿ ಬಿದ್ದರೆ ಒಳಗೆ ಕುಟ್ಟೆ ಹುಳ ಜೀವಂತ ಇದೆ. ಬೀಳದಿದ್ದರೆ ಅದು ಬಹುಶಃ ಹಳೆಯ ತೂತು, ಹುಳ ಹೊರಗೆ ಹಾರಿಯಾಗಿದೆ ಅಥವಾ ಸತ್ತಿದೆ. ಬೂಷ್ಟು ಬೇರೆ ಜಾತಿಯ ತೊಂದರೆ. ಅದು ಬಿದಿರಿನ ಹೊರಮೈಗಿಂತ ಒಳಮೈ ಸೀಳಿನಲ್ಲಿ ಬೂದಿ, ಹಸಿರು, ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಗುರುತು ಮಾತ್ರ ಉಳಿಯುತ್ತದೆ. ಹುಳ ಬುಟ್ಟಿಯನ್ನು ತಿನ್ನುತ್ತದೆ, ಬೂಷ್ಟು ಸಾಮಾನ್ಯವಾಗಿ ಅಂದ ಕೆಡಿಸುತ್ತದೆ ಅಷ್ಟೆ. ಒಂದೇ ಬುಟ್ಟಿಗೆ ಎರಡೂ ಬರಬಹುದು.

ಕುಟ್ಟೆ ಬಿದಿರಿಗೆ ಬೀಳುವುದು ಪಿಷ್ಟಕ್ಕೆ. ಡೈನೋಡೆರಸ್ ಎಂಬ ಕುಲದ, ಮೂರು ಮಿಲಿಮೀಟರ್ ಉದ್ದದ ಕಂದು ದುಂಬಿಗಳು ಇದರಲ್ಲಿ ಮುಖ್ಯ. ಬಿದಿರಿನ ಹೊರ ಸಿಪ್ಪೆಯಲ್ಲಿ ಮೇಣವೂ ಸಿಲಿಕಾವೂ ಇರುವುದರಿಂದ ಅಲ್ಲಿಂದ ಅವು ಕೊರೆಯುವುದು ಕಡಿಮೆ. ಕಡಿದ ತುದಿ, ಗೆಣ್ಣು ಕೆತ್ತಿದ ಜಾಗ, ಒಳಮೈ, ಇವೇ ಬಾಗಿಲು. ಹೆಣ್ಣು ದುಂಬಿ ಒಳಹೊಕ್ಕು ಮೊಟ್ಟೆ ಇಟ್ಟರೆ, ಬೆಚ್ಚಗಿನ ಹವೆಯಲ್ಲಿ ಎರಡು ತಿಂಗಳ ಆಸುಪಾಸಿನಲ್ಲಿ ಮುಂದಿನ ಪೀಳಿಗೆ ತೂತು ಕೊರೆದು ಹೊರಗೆ ಬರುತ್ತದೆ. ನೀವು ಜುಲೈನಲ್ಲಿ ಕಳಿಸಿದ್ದು ಸೆಪ್ಟೆಂಬರಿನಲ್ಲಿ ಹಿಟ್ಟು ಉದುರಿಸಿದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಂದರೆ ಹುಳ ಅಂಗಡಿಯಲ್ಲಿ ಹತ್ತಿದ್ದಲ್ಲ, ಬಹುಪಾಲು ಹೆಣೆಯುವವರ ಅಂಗಳದಲ್ಲೋ ನಿಮ್ಮ ಕೋಣೆಯಲ್ಲೋ ಹತ್ತಿದೆ. ಅಂಗಡಿಯವರೊಂದಿಗೆ ಈ ವಿಷಯಕ್ಕೆ ಜಗಳ ಬೇಡ.

ಅಮಾವಾಸ್ಯೆಯ ಮಾತಿಗೆ ಬರೋಣ. ಚಂದ್ರನಿಗೂ ಕುಟ್ಟೆಗೂ ಸಂಬಂಧ ಇದೆ ಎಂದು ನಂಬಿ ಕೆಲಸ ಮಾಡುವಷ್ಟು ಪುರಾವೆ ಇಲ್ಲ. ಋತುವಿಗೆ ಸಂಬಂಧ ಇರುವುದು ಮಾತ್ರ ನಿಜ. ಮಳೆಗಾಲದಲ್ಲಿ ಬಿದಿರು ಮೆಳೆಯಲ್ಲಿ ಕಳಲೆ, ಅಂದರೆ ಎಳೆ ಮೊಳಕೆ, ಏಳುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ದೊಡ್ಡ ಗಳಗಳು ಕಳಲೆಗೆ ಬೇಕಾದ ಆಹಾರವನ್ನು ಪಿಷ್ಟವಾಗಿ ಕೂಡಿಟ್ಟುಕೊಂಡಿರುತ್ತವೆ. ಅದು ಕಳಲೆಗೆ ಖರ್ಚಾಗಿ, ಮಳೆ ಪೂರ್ತಿ ಮುಗಿದ ಮೇಲೆ, ನವೆಂಬರಿನಿಂದ ಜನವರಿ ತನಕ ಕಡಿದ ಬಿದಿರಿಗೆ ಹುಳದ ಕಾಟ ಕಡಿಮೆ. ಹಳಬರು ಚಳಿಗಾಲ, ಅಮಾವಾಸ್ಯೆ ಎರಡನ್ನೂ ಸೇರಿಸಿ ಹೇಳುತ್ತಿದ್ದರು. ಈಗ ಚಳಿಗಾಲ ಬಿಟ್ಟುಹೋಗಿ ಅಮಾವಾಸ್ಯೆ ಮಾತ್ರ ಉಳಿದಿದೆ. ಜೂನ್ ಅಮಾವಾಸ್ಯೆಗೆ ಕಡಿದ ಗಳಕ್ಕೂ ಕುಟ್ಟೆ ಬೀಳುತ್ತದೆ.

ಇದನ್ನು ಹೆಣೆಯುವವರ ಮುಂದೆ ವಾದ ಮಾಡಿ ಗೆಲ್ಲಬೇಕಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್ ತನ್ನಿ. ಗಳವನ್ನು ಸೀಳಿ, ಒಳಮೈಗೆ ಒಂದೆರಡು ಹನಿ ಹಾಕಿ ಎರಡು ನಿಮಿಷ ಬಿಡಿ. ಅಯೋಡಿನ್ನಿನ ಕಂದು ಬಣ್ಣವೇ ಉಳಿದರೆ ಪಿಷ್ಟ ಕಡಿಮೆ. ಕಡುನೀಲಿ, ಕಪ್ಪಿಗೆ ತಿರುಗಿದರೆ ಆ ಗಳ ಕುಟ್ಟೆಗೆ ಹಬ್ಬದೂಟ. ಬೇರೆ ಬೇರೆ ತಿಂಗಳಲ್ಲಿ ಕಡಿದ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಹನಿ ಹಾಕಿದರೆ ಮಾತಿನ ಅಗತ್ಯವೇ ಇರುವುದಿಲ್ಲ.

ವಾರ್ನಿಷ್ ಹುಳವನ್ನು ಕೊಲ್ಲುವುದಿಲ್ಲ. ಒಳಗೆ ಮೊಟ್ಟೆ ಇದ್ದರೆ ವಾರ್ನಿಷ್ ಕೆಳಗೇ ಬೆಳೆದು, ವಾರ್ನಿಷನ್ನೂ ಕೊರೆದು ಬರುತ್ತದೆ. ಹಸಿ ಬುಟ್ಟಿಗೆ ವಾರ್ನಿಷ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಹೊರಗೆ ಹೊಳಪು, ಒಳಗೆ ಬೂಷ್ಟು. ಪೂರ್ತಿ ಒಣಗಿದ, ಹುಳ ಇಲ್ಲದ ದೀಪದ ಬುಟ್ಟಿಗೋ ಬಟ್ಟೆ ಬುಟ್ಟಿಗೋ ಅಂದಕ್ಕೆ, ದೂಳು ಒರೆಸುವ ಅನುಕೂಲಕ್ಕೆ ಹೊಡೆಯಬಹುದು. ಮೊರಕ್ಕೂ ರೊಟ್ಟಿ ಬುಟ್ಟಿಗೂ ಬೇಡ. ಸೀಮೆಎಣ್ಣೆ ಬಳಿಯುವುದು, ತೋಟಕ್ಕೆ ಹೊಡೆಯುವ ಕೀಟನಾಶಕದಲ್ಲಿ ಅದ್ದುವುದು, ಇವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ. ಅಡುಗೆಮನೆಗೆ ಹೋಗುವ ವಸ್ತು ಅದು. ಮೊರಕ್ಕೆ ಮೆಂತ್ಯ, ಕಾಗದ ರುಬ್ಬಿ ಸಾರಿಸುವ ಹಳೆಯ ಪದ್ಧತಿ ಒಳ್ಳೆಯದೇ. ಸಂದು ಮುಚ್ಚುತ್ತದೆ, ಸಣ್ಣ ಕಾಳು ಸೋರುವುದಿಲ್ಲ. ಆದರೆ ಅದು ಹುಳಕ್ಕೆ ಔಷಧಿ ಅಲ್ಲ, ಮತ್ತು ಅಚ್ಚಾದ ಕಾಗದ ಬಳಸಬಾರದು.

ಹೆಣೆಯುವವರ ಆಕ್ಷೇಪ ಸರಿ ಇದೆ

‘ಚಳಿಗಾಲದಲ್ಲಿ ಕಡಿದಿಡಿ’ ಎಂದು ಹೇಳುವುದು ಸುಲಭ. ಮೇದಾರರು ತಕ್ಷಣ ಹೇಳುವ ಮಾತು: ಒಣಗಿದ ಗಳ ಸೀಳುವುದಿಲ್ಲ, ಸೀಳಿದರೂ ಬಗ್ಗುವುದಿಲ್ಲ, ಬಗ್ಗಿಸಿದರೆ ಮುರಿಯುತ್ತದೆ. ಇದು ಪೂರ್ತಿ ನಿಜ. ಗಳವನ್ನೇ ರಾಶಿ ಹಾಕಿ ಜೂನ್ ತನಕ ಇಟ್ಟರೆ ನಿಮಗೆ ಸಿಗುವುದು ಸೌದೆ. ಆದ್ದರಿಂದ ಕೂಡಿಡಬೇಕಾದ್ದು ಗಳವನ್ನಲ್ಲ. ಎರಡು ದಾರಿ ಇದೆ.

ಒಂದು, ಕಡಿದ ವಾರದೊಳಗೆ ಹಸಿಯಿರುವಾಗಲೇ ಸೀಳಿ, ದಬ್ಬೆ, ಕಡ್ಡಿ, ಪಟ್ಟಿ ಬೇರೆ ಬೇರೆ ಮಾಡಿ, ಕೆಳಗೆ ಹೇಳುವ ಉಪಚಾರ ಮಾಡಿ, ಒಣಗಿಸಿ, ಕಟ್ಟು ಕಟ್ಟಿ ಅಟ್ಟದಲ್ಲಿಡುವುದು. ಹೆಣೆಯುವ ಮುಂಚೆ ತೆಳು ಪಟ್ಟಿಯನ್ನು ಒಂದೆರಡು ಗಂಟೆ, ದಪ್ಪ ಕಡ್ಡಿಯನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಬೇಕು. ತೆಳು ಪಟ್ಟಿ ಮತ್ತೆ ಮೆತ್ತಗಾಗುತ್ತದೆ. ಅಂಚಿಗೆ ಸುತ್ತುವ ದಪ್ಪ ದಬ್ಬೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಅದನ್ನು ಹಸಿಯಿರುವಾಗಲೇ ಬಳೆಯಂತೆ ಬಗ್ಗಿಸಿ, ಕಟ್ಟಿ, ಬಳೆಯಾಗಿಯೇ ಒಣಗಿಸಿಡಬೇಕು. ಅಳತೆ ಮೊದಲೇ ಗೊತ್ತಿರಬೇಕಾಗುತ್ತದೆ, ಅಂದರೆ ನಿಮ್ಮ ಸಾಮಾನಿನ ಗಾತ್ರಗಳು ನಿಗದಿಯಾಗಿರಬೇಕು. ಗಿರಾಕಿ ಕೇಳಿದಂತೆ ಅಳತೆ ಬದಲಿಸುವ ವ್ಯಾಪಾರಕ್ಕೆ ಈ ದಾರಿ ಹೊಂದುವುದಿಲ್ಲ.

ಇನ್ನೊಂದು, ಡಿಸೆಂಬರಿನಿಂದ ಮೇ ಒಳಗೆ ಹೆಣೆದೇ ಮುಗಿಸಿ, ಸಿದ್ಧ ಸಾಮಾನನ್ನು ಕೂಡಿಡುವುದು. ಮೊರಕ್ಕೆ ಇದೇ ಸರಿ. ಗೌರಿ ಹಬ್ಬದ ಬಾಗಿನದ ಮೊರ ಆಗಸ್ಟ್–ಸೆಪ್ಟೆಂಬರಿನಲ್ಲಿ ಹೋಗುವುದು, ಅದನ್ನು ಹೆಣೆಯುವುದು ಜುಲೈ–ಆಗಸ್ಟಿನಲ್ಲಿ, ಅಂದರೆ ಜಡಿಮಳೆಯಲ್ಲಿ ಹಸಿ ಬಿದಿರಿನಲ್ಲಿ. ಬಾಗಿನ ಕೊಟ್ಟ ಮೊರ ದಸರಾ ಹೊತ್ತಿಗೆ ಬೂಷ್ಟು ಹಿಡಿದಿದ್ದರೆ ಆಶ್ಚರ್ಯವೇನಿಲ್ಲ.

ಇದಕ್ಕೆ ದುಡ್ಡು ಎಷ್ಟು ಬೇಕು, ಲೆಕ್ಕ ಹಾಕಿ. ಉದಾಹರಣೆಗೆ ಮೊರಕ್ಕೆ ನೀವು ಕೊಡುವುದು 90 ರೂಪಾಯಿ, ಅದರಲ್ಲಿ ಬಿದಿರಿನ ಪಾಲು 25 ಎಂದು ಇಟ್ಟುಕೊಳ್ಳಿ. 500 ಮೊರದ ಪಟ್ಟಿಗೆ ಜನವರಿಯಲ್ಲೇ ಬಿದಿರಿನ ದುಡ್ಡು 12,500 ಮುಂಗಡ ಕೊಟ್ಟರೆ, ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಎಂಟು ತಿಂಗಳಿಗೆ 1,000 ರೂಪಾಯಿ. ಮೊರಕ್ಕೆ ಎರಡು ರೂಪಾಯಿ. ಹೆಣೆದು ಮುಗಿಸಿದ ಮೊರವನ್ನೇ ಏಳು ತಿಂಗಳು ಇಟ್ಟುಕೊಂಡರೂ 90ಕ್ಕೆ ಬಡ್ಡಿ ಆರೂ ಕಾಲು ರೂಪಾಯಿ. ಒಂದು ಮೊರ ವಾಪಸ್ ಬಂದರೆ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ. ಕೊರತೆ ಇರುವುದು ಜನವರಿಯಲ್ಲಿ ಕೈಯಲ್ಲಿ ರೊಕ್ಕ ಇಲ್ಲದಿರುವುದು, ಅಷ್ಟೆ.

ಅದಕ್ಕೆ ಒಂದು ದಾರಿ ಹೇಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡುವವರು ಇದ್ದಾರೆ. ಶೇ 5ರ ಬಡ್ಡಿಯಲ್ಲಿ, ಅಡಮಾನ ಇಲ್ಲದೆ, ಮೊದಲ ಕಂತಿನಲ್ಲಿ 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದ ತನಕ ಸಾಲ ಸಿಗುತ್ತದೆ. ಉಪಕರಣಗಳಿಗೆ 15,000 ರೂಪಾಯಿ ತನಕ ನೆರವು ಬೇರೆ. ಇದು ಕಸುಬು ಮಾಡುವವರಿಗೆ, ಮನೆಗೆ ಒಬ್ಬರಿಗೆ ಮಾತ್ರ. ನೀವು ಕೊಂಡು ಮಾರುವವರು, ನಿಮಗೆ ಸಿಗುವುದಿಲ್ಲ. ಅವರು ತೆಗೆದುಕೊಂಡ ಸಾಲವನ್ನು ನಿಮ್ಮ ದಾಸ್ತಾನಿಗೆ ತಿರುಗಿಸಿಕೊಳ್ಳುವ ಯೋಚನೆ ಬೇಡ. ಸಾಲ ಅವರ ಹೆಸರಲ್ಲಿ, ಮಾಲು ನಿಮ್ಮ ಕೋಣೆಯಲ್ಲಿ ಎಂದಾದರೆ ಮಾರಾಟ ಕುಸಿದ ವರ್ಷ ಸಂಬಂಧವೂ ಕುಸಿಯುತ್ತದೆ. ಅವರು ಚಳಿಗಾಲದ ಬಿದಿರನ್ನು ತಮ್ಮ ದುಡ್ಡಿನಲ್ಲಿ ಕೂಡಿಟ್ಟುಕೊಳ್ಳಲಿ, ನೀವು ಒಣ ಮಾಲಿಗೆ ಹೆಚ್ಚು ದರ ಕೊಡಿ.

ಉಪಚಾರ: ಊಟ ಮುಟ್ಟುವುದಕ್ಕೆ ಒಂದು, ಮುಟ್ಟದ್ದಕ್ಕೆ ಇನ್ನೊಂದು

ಬಟ್ಟೆ ಬುಟ್ಟಿ, ಕಾಗದದ ಬುಟ್ಟಿ, ದೀಪದ ಬುಟ್ಟಿ, ಇಂಥವಕ್ಕೆ ಬೋರಿಕ್ ಆಮ್ಲ ಮತ್ತು ಬಿಳಿಗಾರದ (ಬೋರಾಕ್ಸ್) ದ್ರಾವಣ ಸಾಕು. 20 ಲೀಟರ್ ನೀರಿಗೆ 400 ಗ್ರಾಂ ಬೋರಿಕ್ ಆಮ್ಲ, 600 ಗ್ರಾಂ ಬಿಳಿಗಾರ. ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ನಾಲ್ಕೈದು ಲೀಟರ್ ಬಿಸಿನೀರಿನಲ್ಲಿ ಎರಡನ್ನೂ ಕದಡಿ ಕರಗಿಸಿ, ಆಮೇಲೆ ಉಳಿದ ನೀರು ಸೇರಿಸಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸೀಳಿದ ಪಟ್ಟಿಗಳನ್ನು ಕಲ್ಲು ಹೇರಿ 24 ಗಂಟೆ ಮುಳುಗಿಸಿಡಿ. ಸಿದ್ಧ ಬುಟ್ಟಿಯನ್ನು ಅದ್ದಿದರೆ ಅಂಚಿನ ಕಟ್ಟಿನೊಳಗೆ ದ್ರಾವಣ ಇಳಿಯುವುದಿಲ್ಲ. ಹುಳ ಮೊದಲು ಹಿಡಿಯುವುದೇ ಆ ಅಂಚನ್ನು. ಮುಗಿದ ಮೇಲೆ ಡ್ರಮ್ಮಿನ ಮೇಲೇ ಸೋರಲು ಬಿಟ್ಟು ನೆರಳಲ್ಲಿ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಡ್ರಮ್ಮು ಮಕ್ಕಳಿಗೂ ದನಕರುಗಳಿಗೂ ಸಿಗದ ಜಾಗದಲ್ಲಿರಲಿ. ಉಳಿದ ದ್ರಾವಣವನ್ನು ಅಡಿಕೆ ಮರದ ಬುಡಕ್ಕೆ ಚೆಲ್ಲಬೇಡಿ. ಗಿಡಕ್ಕೆ ಬೋರಾನ್ ಚಿಟಿಕೆಯಷ್ಟು ಬೇಕು, ಹೆಚ್ಚಾದರೆ ಎಲೆ ಸುಡುತ್ತದೆ. ಮುಂದಿನ ಸರದಿಗೆ ಮುಚ್ಚಿಟ್ಟುಕೊಳ್ಳಿ, ಕಡಿಮೆಯಾದಷ್ಟು ಹೊಸದಾಗಿ ಅದೇ ಅಳತೆಯಲ್ಲಿ ಸೇರಿಸಿ.

ಈ ಉಪ್ಪು ನೀರಿನಲ್ಲಿ ತೊಳೆದುಹೋಗುತ್ತದೆ. ಆದ್ದರಿಂದ ಪದೇ ಪದೇ ತೊಳೆಯುವ, ಮಳೆಗೆ ನೆನೆಯುವ ಬುಟ್ಟಿಗೆ ಇದು ನಿಲ್ಲುವುದಿಲ್ಲ. ತೊಳೆದುಹೋಗುತ್ತದೆ ಎಂಬುದೇ ಅಡುಗೆಮನೆಯ ಸಾಮಾನಿಗೆ ಇದು ಬೇಡ ಎನ್ನಲೂ ಕಾರಣ. ಬಿಸಿ ರೊಟ್ಟಿಯ ಹಬೆ, ತೊಳೆದ ಅಕ್ಕಿಯ ನೀರು ಇದನ್ನು ಊಟಕ್ಕೆ ತರಬಾರದು.

ಮೊರ, ರೊಟ್ಟಿ ಬುಟ್ಟಿ, ಅನ್ನ ಬಸಿಯುವ ಸಿಬ್ಬಲಿಗೆ ಬರೀ ನೀರು ಮತ್ತು ಬೆಂಕಿ. ಸೀಳಿದ ಪಟ್ಟಿಯನ್ನು ಹಂಡೆಯಲ್ಲಿ ಒಂದು ಗಂಟೆ ಕುದಿಸಿದರೆ ಮೊಟ್ಟೆ ಸಾಯುತ್ತದೆ, ಪಿಷ್ಟದ ಒಂದು ಪಾಲು ನೀರಿಗೆ ಬರುತ್ತದೆ. ನೀರು ಗಂಜಿಯಂತೆ ಮಂದವಾದಾಗ ಬದಲಿಸಿ. ಹಳ್ಳ ಹತ್ತಿರವಿದ್ದರೆ ಇಡೀ ಗಳವನ್ನೇ ಹರಿಯುವ ನೀರಿನಲ್ಲಿ ನಾಲ್ಕು ವಾರಕ್ಕೆ ಕಡಿಮೆಯಿಲ್ಲದಂತೆ ಮುಳುಗಿಸಿಡುವುದು ಹಳೆಯ ಕ್ರಮ. ನಿಂತ ನೀರಾದರೆ ನಾತ ಬರುತ್ತದೆ, ಬಣ್ಣ ಕಪ್ಪಾಗುತ್ತದೆ, ಗಿರಾಕಿ ಮೂಸಿ ನೋಡಿ ವಾಪಸ್ ಇಡುತ್ತಾರೆ. ನೀರಿನ ಉಪಚಾರ ಕುಟ್ಟೆಗೆ ತಡೆ, ಗೆದ್ದಲಿಗೆ ಅಲ್ಲ. ಅಟ್ಟದಲ್ಲಿ ಹೊಗೆ ಕುಡಿದ ಮೊರಕ್ಕೆ ಬಾಳಿಕೆ ಹೆಚ್ಚು ಎಂಬುದು ಬರಿಯ ಮಾತಲ್ಲ, ಹೊಗೆಯೂ ಒಣ ಶಾಖವೂ ಹುಳಕ್ಕೆ ಒಗ್ಗುವುದಿಲ್ಲ. ಬೆಂಗಳೂರಿನ ಗಿರಾಕಿಗೆ ಹೊಗೆ ವಾಸನೆ ಹಿಡಿಸುತ್ತದೋ ಇಲ್ಲವೋ ಎಂದು ನಾಲ್ಕು ಜನಕ್ಕೆ ಕಳಿಸಿ ಕೇಳಿ ನೋಡಿ. ‘ಕೆಮಿಕಲ್ ಫ್ರೀ’ ಚೀಟಿ ಈ ಸಾಲಿನ ಸಾಮಾನಿಗೆ ಮಾತ್ರ ಅಂಟಿಸಿ. ಬೋರಿಕ್ ಹಾಕಿದ ಬುಟ್ಟಿಗೆ ‘ಬೋರಿಕ್ ಉಪಚಾರ ಆಗಿದೆ, ತಿನ್ನುವ ಪದಾರ್ಥ ಇಡಬೇಡಿ’ ಎಂದು ಬರೆಯಿರಿ. ಒಂದೇ ಚೀಟಿಯನ್ನು ಎರಡಕ್ಕೂ ಅಂಟಿಸಿದರೆ ಒಂದು ದಿನ ಅದು ಕೊರಳಿಗೆ ಬರುತ್ತದೆ.

ಒಣಗಿದೆಯಾ ಎಂದು ಕೈಯಿಂದ ಮುಟ್ಟಿ ಹೇಳಲಾಗದು

ಬೂಷ್ಟಿನ ಕಥೆ ಪೂರ್ತಿ ಇಲ್ಲೇ ಇದೆ. ಪ್ರತಿ ಸರದಿಯಲ್ಲಿ ಮೂರು ಬುಟ್ಟಿಗೆ ಗುರುತು ಹಾಕಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೂರು ದಿನ ತೂಕ ಬದಲಾಗದಿದ್ದರೆ ಆ ಹವೆಗೆ ಒಣಗುವಷ್ಟು ಒಣಗಿದೆ. ‘ಆ ಹವೆಗೆ’ ಎಂಬುದನ್ನು ಮರೆಯಬೇಡಿ. ಜುಲೈನಲ್ಲಿ ತೀರ್ಥಹಳ್ಳಿಯ ಹವೆಗೆ ಒಣಗಿದ ಬುಟ್ಟಿ ಒಣಗಿದ ಬುಟ್ಟಿಯಲ್ಲ. ತೇವ ಶೇ 20ರ ಮೇಲಿದ್ದರೆ ಬೂಷ್ಟು ಕಾದು ಕೂತಿರುತ್ತದೆ. ಶೇ 12ರ ಹತ್ತಿರ ಇಳಿಸಬೇಕು.

ಮಳೆಗಾಲದಲ್ಲಿ ಇಳಿಸುವುದು ಹೇಗೆ? ನಿಮ್ಮೂರಲ್ಲಿ ಅಡಿಕೆ ಡ್ರೈಯರ್ ಇರುವ ಮನೆ ಇದ್ದೇ ಇರುತ್ತದೆ. ಅಡಿಕೆ ಸುಗ್ಗಿ ಮುಗಿದ ಮೇಲೆ ಮಳೆಗಾಲದಲ್ಲಿ ಅದಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ಬಾಡಿಗೆ ಮಾತಾಡಿ. 50 ಡಿಗ್ರಿಯಲ್ಲಿ ಶುರುಮಾಡಿ, ತೂಕ ಇಳಿದ ಮೇಲೆ ಕೊನೆಯ ನಾಲ್ಕೈದು ಗಂಟೆ 60 ಡಿಗ್ರಿಗೆ ಏರಿಸಿ. ಒಣಗಿಸುವುದರ ಜೊತೆಗೆ ಒಳಗಿದ್ದ ಹುಳ, ಮೊಟ್ಟೆಯೂ ಸಾಯುತ್ತದೆ. 70 ದಾಟಿಸಬೇಡಿ, ಅಂಚಿನ ದಬ್ಬೆ ಬಿರಿಯುತ್ತದೆ. ಬುಟ್ಟಿಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟರೆ ನಡುವಿನವು ಹಸಿಯಾಗೇ ಉಳಿಯುತ್ತವೆ, ಗಾಳಿ ಆಡಬೇಕು. ಇದು ಈಗ ಒಳಗಿರುವ ಹುಳಕ್ಕೆ ಮಾತ್ರ ಪರಿಹಾರ, ನಾಳೆ ಬರುವ ಹುಳಕ್ಕಲ್ಲ. ಪಿಷ್ಟ ಹಾಗೇ ಇದ್ದರೆ ಹೊಸ ದುಂಬಿ ಮತ್ತೆ ಕೂರುತ್ತದೆ. ಹಾಗಾಗಿ ಒಣಗಿಸಿದ ಮಾಲನ್ನು ಹೊಸ ಹಸಿ ಬುಟ್ಟಿಗಳ ಪಕ್ಕ ಇಡಲೇಬೇಡಿ.

ಪ್ಯಾಕಿಂಗಿನಲ್ಲಿ ಎಲ್ಲರೂ ಮಾಡುವ ಎಡವಟ್ಟು, ಬುಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕುವುದು. ಒಂದೂವರೆ ಕಿಲೋ ಬುಟ್ಟಿ ಶೇ 20ರಿಂದ 12ಕ್ಕೆ ಇಳಿಯಲು 100 ಗ್ರಾಂ ನೀರು ಬಿಡಬೇಕು. 5 ಗ್ರಾಂ ಪೊಟ್ಟಣ ಎರಡು ಗ್ರಾಂ ಹೀರಿದರೆ ಹೆಚ್ಚು. ಬುಟ್ಟಿಗೆ ಕಾಗದ ಅಥವಾ ಹತ್ತಿ ಬಟ್ಟೆ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಬೇಕಿದ್ದರೆ ಮಳೆಗೆ ತಡೆಯಾಗಿ ಪೆಟ್ಟಿಗೆಯ ಹೊರಗೆ, ಇಳಿಸಿದ ಕೂಡಲೇ ಬಿಚ್ಚಲು ಹೇಳಿ.

ಇನ್ನು ಆ ಏಳುನೂರು ರೂಪಾಯಿ

ನೀವು 450ರ ಮೇಲೆ 250 ಇಟ್ಟಿರುವುದರಿಂದ ಶೇ 55 ಲಾಭ ಅಂದುಕೊಂಡಿದ್ದೀರಿ. ಅಂಗಡಿ ಶೇ 40 ಹಿಡಿಯುವುದು 450ರ ಮೇಲಲ್ಲ, 700ರ ಮೇಲೆ. 280 ಅವರಿಗೆ, 420 ನಿಮಗೆ. ಅಂಗಡಿಗೆ ಹೋದ ಪ್ರತಿ ಬುಟ್ಟಿಗೂ ನೀವು ಕೈಯಿಂದ 30 ರೂಪಾಯಿ ಕೊಟ್ಟಿದ್ದೀರಿ, ಲಾರಿ ಬಾಡಿಗೆ ಬೇರೆ. ಅಂಗಡಿಯವರು ಮೋಸ ಮಾಡಿದ್ದಾರೆ ಎಂದಲ್ಲ. ಬಾಡಿಗೆ, ಸಂಬಳ ಕೊಟ್ಟು ನಡೆಸುವ ನಗರದ ಅಂಗಡಿ ಅಷ್ಟು ಕೇಳುವುದು ವಾಡಿಕೆ. ಬೆಲೆಯನ್ನು ತಪ್ಪು ತುದಿಯಿಂದ ಕಟ್ಟಿದ್ದೀರಿ, ಅಷ್ಟೆ.

ಸರಿಯಾದ ತುದಿ ಹೆಣೆಯುವವರ ದಿನಗೂಲಿ. ಆ ಬುಟ್ಟಿಗೆ ಬಿದಿರು 120 ರೂಪಾಯಿಯದು, ಸೀಳಿ ಹೆಣೆಯಲು ಒಂದು ಪೂರ್ತಿ ದಿನ ಎಂದಿಟ್ಟುಕೊಳ್ಳಿ. 450ರಲ್ಲಿ ಅವರಿಗೆ ಉಳಿಯುವುದು 330. ಕರ್ನಾಟಕದಲ್ಲಿ 2025–26ರ ನರೇಗಾ ಕೂಲಿಯೇ 370 ರೂಪಾಯಿ ಇತ್ತು. ನುರಿತ ಕೈಗೆ ಮಣ್ಣು ಅಗೆಯುವ ಕೂಲಿಯಷ್ಟೂ ಸಿಗದಿದ್ದಾಗ ‘ಒಂದು ತಿಂಗಳು ಒಣಗಿಸಿ ಕೊಡಿ’ ಎಂದು ಕೇಳಲು ನಿಮಗೆ ಬಾಯಿ ಬರುವುದಿಲ್ಲ, ಕೇಳಿದರೂ ಅವರು ಕೇಳಿಸಿಕೊಳ್ಳುವುದಿಲ್ಲ. ಹುಳ ಹೊಕ್ಕಿದ್ದು ಈ ಸಂದಿನಿಂದ.

500 ಕೊಡಿ. ಉಪಚಾರ, ಒಣಗಿಸುವುದು 30. ದಾಸ್ತಾನು, ಬಡ್ಡಿ 35. ಪ್ಯಾಕಿಂಗ್ 45. ಬೆಂಗಳೂರಿಗೆ ಸಾಗಣೆ 40. ಒಟ್ಟು 650. ಕೆಟ್ಟುಹೋಗುವುದಕ್ಕೆ, ವಾಪಸಿಗೆ ಶೇ 5ರ ಲೆಕ್ಕದಲ್ಲಿ ಸುಮಾರು 35. ನಿಮ್ಮ ದುಡಿಮೆ, ಫೋನು, ಓಡಾಟಕ್ಕೆ 115. ಅಲ್ಲಿಗೆ 800. ಅಂಗಡಿಯಿಂದ ನಿಮಗೆ 800 ಬರಬೇಕಾದರೆ ಅಂಗಡಿಯ ಬೆಲೆ 800ನ್ನು 0.6ರಿಂದ ಭಾಗಿಸಿದಷ್ಟು, ಅಂದರೆ 1,333. 1,350 ಎಂದು ಬರೆಯಿರಿ. ಸಾಗಣೆ, ಪ್ಯಾಕಿಂಗಿನ ಅಂಕಿ ನನ್ನ ಅಂದಾಜು, ನಿಮ್ಮ ಚೀಟಿಗಳಿಂದ ಸರಿಪಡಿಸಿಕೊಳ್ಳಿ. ಲೆಕ್ಕದ ಕ್ರಮ ಬದಲಿಸಬೇಡಿ. ವಾಟ್ಸಾಪ್ ಬೆಲೆಯೂ 1,350 ಇರಲಿ, ಅಂಗಡಿಗಿಂತ ಇಳಿಸಿದರೆ ಅಂಗಡಿ ನಿಮ್ಮನ್ನು ಕೈಬಿಡುತ್ತದೆ. ಅಲ್ಲಿ ಉಳಿಯುವ 550 ಲಾಭವೂ ಅಲ್ಲ, ಅದು ಬಹುಪಾಲು ಕೊರಿಯರಿಗೆ ಹೋಗುತ್ತದೆ.

700ರ ಬುಟ್ಟಿ 1,350ಕ್ಕೆ ಹೋಗುತ್ತದೆಯೇ? ಈ ಬುಟ್ಟಿ ಬಹುಶಃ ಹೋಗುವುದಿಲ್ಲ, ಕಡೇಪಕ್ಷ ಈಗಿನಷ್ಟು ಹೋಗುವುದಿಲ್ಲ. ಆಗ ಅದನ್ನು ಅಂಗಡಿಯ ಪಟ್ಟಿಯಿಂದ ತೆಗೆದು, ಶಿವಮೊಗ್ಗ–ತೀರ್ಥಹಳ್ಳಿ ಸುತ್ತ ನೇರ ಮಾರಿ. ಅಂಗಡಿಗೆ ರೊಟ್ಟಿ ಬುಟ್ಟಿ, ತರಕಾರಿ ಬುಟ್ಟಿ ಕಳಿಸಿ. ಅರ್ಧ ದಿನದೊಳಗೆ ಮುಗಿಯುವ ಸಣ್ಣ ಸಾಮಾನಿಗೆ ಶೇ 40ರ ಭಾರ ಹೊರುವ ಶಕ್ತಿ ಹೆಚ್ಚು, ಯಾಕೆಂದರೆ ಗಿರಾಕಿ 350 ರೂಪಾಯಿಗೆ ಅಷ್ಟು ಯೋಚಿಸುವುದಿಲ್ಲ. ನಷ್ಟದ ಬುಟ್ಟಿಯನ್ನು ‘ಹೆಸರಿಗಾಗಿ’ ಮಾರುತ್ತ ಹೋಗುವುದು ನನಗೆ ಸರಿಕಾಣುವುದಿಲ್ಲ.

ಕೊರಿಯರಿನಲ್ಲಿ ನಿಮ್ಮ ಶತ್ರು ತೂಕವಲ್ಲ, ಗಾಳಿ. ಪೆಟ್ಟಿಗೆ ಹಗುರವಿದ್ದರೂ ಕೊರಿಯರಿನವರು ಅದರ ಗಾತ್ರವನ್ನೇ ಕಿಲೋಗೆ ತಿರುಗಿಸಿ ಬಾಡಿಗೆ ಹಾಕುತ್ತಾರೆ. 40×40×55 ಸೆಂಟಿಮೀಟರ್ ಪೆಟ್ಟಿಗೆಯ ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸಿದರೆ 17.6. ಒಂದೂವರೆ ಕಿಲೋ ಬುಟ್ಟಿಗೆ ನೀವು 18 ಕಿಲೋದ ಬಾಡಿಗೆ ಕೊಡುತ್ತೀರಿ. ಕೆಲವರು 4000ದಿಂದ ಭಾಗಿಸುತ್ತಾರೆ, ಇನ್ನೂ ದುಬಾರಿ. ಬಾಯಿ ಅಗಲ, ಬುಡ ಕಿರಿದಾಗಿ ಹೆಣೆಸಿದರೆ ಐದು ಬುಟ್ಟಿ ಒಂದರೊಳಗೊಂದು ಕೂರುತ್ತವೆ. 45×45×75ರ ಪೆಟ್ಟಿಗೆ ಸುಮಾರು 30 ಕಿಲೋ ಲೆಕ್ಕ, ಬುಟ್ಟಿಗೆ ಸುಮಾರು ಆರು ಕಿಲೋ. ಮುಚ್ಚಳ ಚಪ್ಪಟೆಯಾಗಿರಲಿ, ಗುಮ್ಮಟದಂತೆ ಉಬ್ಬಿರುವುದು ಚೆಂದ ನಿಜ, ಆದರೆ ಆ ಉಬ್ಬಿಗೂ ಬಾಡಿಗೆ ಇದೆ. ಅಂಗಡಿಗೆ ಒಟ್ಟಿಗೆ ಕಳಿಸುವಾಗ ಬಸ್ ಪಾರ್ಸೆಲ್ಲಿನ ದರವನ್ನೂ ವಿಚಾರಿಸಿ.

ಜಿಎಸ್‌ಟಿ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಸಾಮಾನು ಮಾರುವವರಿಗೆ ಕರ್ನಾಟಕದೊಳಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಕಡ್ಡಾಯ, ಆದರೆ ಕೈಯಿಂದ ಮಾಡಿದ ಕರಕುಶಲ ವಸ್ತುಗಳಿಗೆ 20 ಲಕ್ಷದ ತನಕ ವಿನಾಯಿತಿ ಇದೆ. ಅದಕ್ಕೆ ಪ್ಯಾನ್ ಇರಬೇಕು, ಮಾಲಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ–ವೇ ಬಿಲ್ (ಸಾಗಣೆಯ ಆನ್‌ಲೈನ್ ಚೀಟಿ) ಮಾಡಬೇಕು. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವುದಾದರೆ, ನೋಂದಣಿ ಇಲ್ಲದವರಿಗೆ 2023ರ ಅಕ್ಟೋಬರಿನಿಂದ ಅವಕಾಶ ಇದ್ದರೂ ಅದು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ, ಅದಕ್ಕೂ ಪೋರ್ಟಲ್‌ನಲ್ಲಿ ಒಂದು ದಾಖಲು ಸಂಖ್ಯೆ ಪಡೆಯಬೇಕು.

ಅಂಗಡಿಯವರೊಂದಿಗೆ ಮುಂದಿನ ಸರದಿಗೆ ಮುಂಚೆ ಕಾಗದದಲ್ಲಿ ಬರೆದುಕೊಳ್ಳಬೇಕಾದ್ದು ಮೂರು: ಮಾರಾಟವಾಗದ ಮಾಲು 60 ದಿನದೊಳಗೆ ವಾಪಸ್, ಮಾರಾಟವಾದದ್ದಕ್ಕೆ ತಿಂಗಳ ಇಂಥ ತಾರೀಖಿಗೆ ದುಡ್ಡು, ಹುಳ ಕಂಡರೆ ಆ ದಿನವೇ ಫೋಟೊ ಕಳಿಸಿ ಬುಟ್ಟಿಯನ್ನು ಉಳಿದವುಗಳಿಂದ ಬೇರೆ ಇಡುವುದು. ಪ್ರತಿ ಬುಟ್ಟಿಯ ಬುಡದಲ್ಲಿ ಕಡಿದ ತಿಂಗಳು, ಹೆಣೆದ ತಿಂಗಳು, ಹೆಣೆದ ಮನೆಯ ಗುರುತನ್ನು ಪೆನ್ಸಿಲಿನಲ್ಲಿ ಬರೆಯಿರಿ. ಒಂದು ವರ್ಷ ಹೀಗೆ ಬರೆದಿಟ್ಟರೆ ವಾಪಸ್ ಬಂದದ್ದೆಲ್ಲ ಯಾವ ತಿಂಗಳಿನ ಬಿದಿರು ಎಂಬುದು ನಿಮಗೇ ಕಾಣಿಸುತ್ತದೆ, ಇಡೀ ಮಾಲನ್ನು ಅನುಮಾನಿಸುವುದು ತಪ್ಪುತ್ತದೆ.

ಈಗ ಮನೆಯಲ್ಲಿರುವ ಆ 22. ಇವತ್ತೇ ದಾಸ್ತಾನು ಕೋಣೆಯಿಂದ ಹೊರಗೆ ತನ್ನಿ, ಇಲ್ಲದಿದ್ದರೆ ಹೊಸ ಬುಟ್ಟಿಗೂ ಹಬ್ಬುತ್ತದೆ. ಬೂಷ್ಟು ಮಾತ್ರ ಇರುವವನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಿಸಿಲಿನಲ್ಲಿ ಗಡುಸು ಬ್ರಷ್ಷಿನಿಂದ ಉಜ್ಜಿ, ಡ್ರೈಯರಿನಲ್ಲಿ ಒಣಗಿಸಿ, ಕಲೆ ಇರುವುದನ್ನು ಹೇಳಿ ಕಡಿಮೆ ಬೆಲೆಗೆ ಕೊಡಿ. ಹಿಟ್ಟು ಉದುರುವವನ್ನು 60 ಡಿಗ್ರಿಯಲ್ಲಿ ಐದು ಗಂಟೆ ಇಟ್ಟು, ಮತ್ತೆ ಕಪ್ಪು ಕಾಗದದ ಮೇಲೆ ಎರಡು ವಾರ ನೋಡಿ. ರೊಟ್ಟಿ ಬುಟ್ಟಿಯಂಥ ಸಣ್ಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಟ್ಟರೂ ಆಗುತ್ತದೆ. ಪುಡಿ ನಿಂತರೆ ಅಂಚಿನ ದಬ್ಬೆಯನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಿದ್ದರೆ ಮನೆಬಳಕೆಗೆ ಇಟ್ಟುಕೊಳ್ಳಿ. ಅಂಚು ಮಾತ್ರ ಟೊಳ್ಳಾಗಿ ಮೈ ಗಟ್ಟಿಯಿದ್ದರೆ ಹೆಣೆದವರಿಗೇ ಕೂಲಿ ಕೊಟ್ಟು ಅಂಚು ಬದಲಿಸಿ. ಮೈಯೂ ಟೊಳ್ಳಾಗಿದ್ದರೆ ಬಚ್ಚಲೊಲೆಗೆ ಹಾಕಿ. ಅದನ್ನು ತೆಗೆದಿಟ್ಟು ಇನ್ಯಾರಿಗೋ ಪುಕ್ಕಟೆ ಕೊಡುವುದೂ ಬೇಡ, ಆ ಮನೆಯ ಮೊರಕ್ಕೆ ಹುಳ ಕಳಿಸಿದಂತೆ.